100 ಕೋಟಿ ಡಾಲರ್ ಇದೆ, ತಗೊಳ್ಳೋರಿಲ್ಲ: ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ಕಥೆ

ಇವತ್ತಿನ ಎಪಿಸೋಡನ್ನು ಒಂದು ಖಾತೆಯ ಬ್ಯಾಲೆನ್ಸ್‌ನಿಂದ ಶುರು ಮಾಡ್ತೀನಿ.

ಅಮೆರಿಕ ಸರ್ಕಾರದ ಬಳಿ ಒಂದಷ್ಟು ಹಣ ಇದೆ. ಅದು 100 ಕೋಟಿ ಡಾಲರ್ ದಾಟಿ ವರ್ಷಗಳೇ ಆದವು. ನಮ್ಮ ಲೆಕ್ಕದಲ್ಲಿ 8 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಈ ಹಣ ಯಾರಿಗೆ ಸೇರಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆ. ಆದರೆ ಆ ಹಣದ ಒಡೆಯರು ಅದನ್ನು ಮುಟ್ಟುತ್ತಿಲ್ಲ. 1980ರಿಂದ ಇವತ್ತಿನವರೆಗೆ ಒಂದು ಡಾಲರ್ ಕೂಡ ತಗೊಂಡಿಲ್ಲ.

ಅವರೇನು ಶ್ರೀಮಂತರಾ? ಅಲ್ಲ. ಅವರಲ್ಲಿ ಸಾವಿರಾರು ಜನ ಇರೋದು ಸೌತ್ ಡಕೋಟಾ ರಾಜ್ಯದ ಪೈನ್ ರಿಜ್‌ನಲ್ಲಿ. ಇಡೀ ಅಮೆರಿಕದಲ್ಲೇ ತೀರಾ ಬಡ ಪ್ರದೇಶಗಳ ಪಟ್ಟಿ ಮಾಡಿದರೆ ಈ ಜಾಗದ ಹೆಸರು ಮೇಲೆಯೇ ಇರುತ್ತೆ. ಕೆಲಸ ಇಲ್ಲ, ಸರಿಯಾದ ಮನೆ ಇಲ್ಲ, ಆಸ್ಪತ್ರೆ ದೂರ. ಆದರೂ ‘ಆ ದುಡ್ಡು ನಮಗೆ ಬೇಡ’ ಅಂತಾರೆ.

ಯಾಕೆ? ಇದಕ್ಕೆ ಉತ್ತರ ಬೇಕಾದರೆ ನಾವು 19ನೇ ಶತಮಾನದ ಅಮೆರಿಕದ ಪಶ್ಚಿಮಕ್ಕೆ ಹೋಗಬೇಕು. ಕೌಬಾಯ್, ಕುದುರೆ, ಪಿಸ್ತೂಲು, ‘ವೈಲ್ಡ್ ವೆಸ್ಟ್’ ಅಂತೆಲ್ಲ ಸಿನಿಮಾದಲ್ಲಿ ನೋಡ್ತೀವಲ್ಲ, ಅಲ್ಲಿಗೆ. ನಿಮ್ಮಲ್ಲಿ ಕೆಲವರು ‘ರೆಡ್ ಡೆಡ್ ರಿಡೆಂಪ್ಷನ್’ ಆಡುತ್ತಾ ರಾತ್ರಿ ಕಳೆದಿರಬಹುದು. ಆ ಆಟ, ಆ ಸಿನಿಮಾ ನಮಗೆ ಕೊಡೋ ಚಿತ್ರ ಒಂದೇ: ಅಲ್ಲಿ ಕಾನೂನು ಇರಲಿಲ್ಲ, ಯಾರ ಕೈಯಲ್ಲಿ ಬಂದೂಕು ಇತ್ತೋ ಅವರದ್ದೇ ರಾಜ್ಯ.

ನಾನು ಇವತ್ತು ಹೇಳೋಕೆ ಹೊರಟಿರೋದು ಬೇರೆ. ಬಂದೂಕು ಇತ್ತು, ನಿಜ. ಆದರೆ ಅಲ್ಲಿನ ನೆಲ ಕೈ ಬದಲಾಗಿದ್ದು ಹೆಚ್ಚಾಗಿ ಕಾಗದದ ಮೇಲೆ. ಕಾಯ್ದೆ, ಒಪ್ಪಂದ, ಸಹಿ, ಹೆಬ್ಬೆಟ್ಟು. ಕಾನೂನು ಇಲ್ಲದೆ ಆದ ಅನ್ಯಾಯ ಅಲ್ಲ ಇದು. ಕಾನೂನು ಬರೆದವರೇ ಅದನ್ನು ಮುರಿದು, ಮುರಿದದ್ದನ್ನೂ ಇನ್ನೊಂದು ಕಾನೂನು ಮಾಡಿದ ಕಥೆ.

ಮೊದಲು ಜನರ ಪರಿಚಯ ಮಾಡ್ಕೊಳ್ಳೋಣ. ಇವರ ಹೆಸರು ಲಕೋಟಾ. ಕೇಳಿದ ತಕ್ಷಣ ನಮಗೆ ಅಂಚೆ ಲಕೋಟೆ ನೆನಪಾಗುತ್ತೆ, ಇರಲಿ. ಹೊರಗಿನವರು ಇವರನ್ನು ಮತ್ತು ಇವರ ನಂಟರಾದ ಡಕೋಟಾ, ನಕೋಟಾ ಜನರನ್ನು ಸೇರಿಸಿ ‘ಸೂ’ ಅಂತ ಕರೆದರು. ನಮ್ಮಲ್ಲಿ ಇವರಿಗೆಲ್ಲ ‘ರೆಡ್ ಇಂಡಿಯನ್’ ಅಂತ ಒಂದೇ ಹಣೆಪಟ್ಟಿ ಹಚ್ಚೋ ರೂಢಿ ಇತ್ತು. ಕೊಲಂಬಸ್ ಹೊರಟಿದ್ದು ನಮ್ಮ ಕಡೆಗೆ, ತಲುಪಿದ್ದು ಇನ್ನೆಲ್ಲಿಗೋ. ಅವನ ಆ ಗೊಂದಲ ನೂರಾರು ಬೇರೆ ಬೇರೆ ಜನಾಂಗಗಳ ಹೆಸರಾಗಿ ಉಳೀತು.

ಲಕೋಟಾ ಜನ ಬಯಲುಸೀಮೆಯ ಕುದುರೆ ಸವಾರರು. ಬೈಸನ್ ಅಂದ್ರೆ ಅಲ್ಲಿನ ಕಾಡುಕೋಣ, ಅದೇ ಅವರ ಬದುಕು. ಮಾಂಸ ಊಟಕ್ಕೆ, ಚರ್ಮ ಡೇರೆಗೆ ಮತ್ತು ಬಟ್ಟೆಗೆ, ಮೂಳೆ ಹತಾರಕ್ಕೆ. ಆ ಬಯಲಿನ ನಡುವೆ ಪೈನ್ ಮರಗಳಿಂದ ತುಂಬಿದ ಬೆಟ್ಟಸಾಲು ಒಂದಿದೆ. ದೂರದಿಂದ ಕಪ್ಪಗೆ ಕಾಣುತ್ತೆ. ಲಕೋಟಾ ಭಾಷೆಯಲ್ಲಿ ‘ಪಹಾ ಸಾಪಾ’, ಅಂದ್ರೆ ಕಪ್ಪು ಬೆಟ್ಟ. ಇಂಗ್ಲಿಷಿನಲ್ಲಿ ಬ್ಲ್ಯಾಕ್ ಹಿಲ್ಸ್. ಅಲ್ಲಿರೋ ಒಂದು ಗುಹೆಯಿಂದಲೇ ತಮ್ಮ ಮೂಲದವರು ಭೂಮಿಯ ಮೇಲೆ ಬಂದರು ಅನ್ನೋದು ಅವರ ನಂಬಿಕೆ.

ಇಲ್ಲೊಂದು ಮಾತು ಮುಚ್ಚಿಡಬಾರದು. ಲಕೋಟಾ ಜನರೂ ಪೂರ್ವದಿಂದ ಬಂದವರೇ. 18ನೇ ಶತಮಾನದಲ್ಲಿ ಪಶ್ಚಿಮಕ್ಕೆ ಸರಿಯುತ್ತಾ ಕ್ರೋ, ಕೈಯೊವಾದಂಥ ಬೇರೆ ಜನಾಂಗಗಳನ್ನು ಹಿಂದಕ್ಕೆ ತಳ್ಳಿದರು. ಅದಕ್ಕೇ ಮುಂದೆ ಅಮೆರಿಕದ ಸೈನ್ಯ ಲಕೋಟಾ ಮೇಲೆ ಬಿದ್ದಾಗ ಕ್ರೋ ಜನ ಸೈನ್ಯಕ್ಕೆ ದಾರಿ ತೋರಿಸಿದರು. ಇದನ್ನು ಹಿಡ್ಕೊಂಡು ‘ಹಾಗಾದ್ರೆ ಎಲ್ಲರೂ ಅಷ್ಟೇ ಅಲ್ವಾ’ ಅನ್ನೋರು ಇದ್ದಾರೆ. ಆದರೆ ಅಮೆರಿಕ ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿ, ಸೆನೆಟ್‌ನಲ್ಲಿ ಪಾಸ್ ಮಾಡಿ, ಆಮೇಲೆ ಅದನ್ನು ಹರಿದು ಹಾಕಿತು. ನಮ್ಮ ಕಥೆ ಇರೋದು ಆ ಹರಿದ ಕಾಗದದ ಬಗ್ಗೆ.

ಈಗ ಇನ್ನೊಂದು ಕಡೆ ನೋಡೋಣ. 1862ನೇ ಇಸವಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೀತಾ ಇದೆ. ಅಬ್ರಹಾಂ ಲಿಂಕನ್ ಅಧ್ಯಕ್ಷರು. ಆ ಒಂದೇ ವರ್ಷ ಎರಡು ದೊಡ್ಡ ಕಾಯ್ದೆಗಳು ಬಂದವು. ಒಂದು ಹೋಮ್‌ಸ್ಟೆಡ್ ಕಾಯ್ದೆ. 21 ವರ್ಷ ದಾಟಿದವರು ಅಥವಾ ಕುಟುಂಬದ ಯಜಮಾನರು ಸಣ್ಣದೊಂದು ಶುಲ್ಕ ಕಟ್ಟಿ 160 ಎಕರೆ ಸರ್ಕಾರಿ ಜಮೀನಿಗೆ ಅರ್ಜಿ ಹಾಕಬಹುದು. ಅಲ್ಲಿ ಮನೆ ಕಟ್ಟಿ, ಉತ್ತು ಬಿತ್ತು, ಐದು ವರ್ಷ ಇದ್ದರೆ ಜಮೀನು ಅವರದ್ದೇ. ಒಂಟಿ ಹೆಂಗಸರಿಗೂ ಅವಕಾಶ ಇತ್ತು. ಎರಡನೆಯದು ರೈಲ್ವೆ ಕಾಯ್ದೆ. ಪೂರ್ವ ಪಶ್ಚಿಮ ಕರಾವಳಿಗಳನ್ನು ಜೋಡಿಸೋ ಹಳಿ ಹಾಕಿದ ಕಂಪನಿಗಳಿಗೆ ಹಳಿಯ ಅಕ್ಕಪಕ್ಕದ ಜಮೀನನ್ನೇ ಸರ್ಕಾರ ಕೊಟ್ಟಿತು. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಆ ಹಳಿಗಳು ಕೂಡಿದವು.

ಬಂದವರು ಯಾರು? ಜರ್ಮನಿ, ನಾರ್ವೆ, ಸ್ವೀಡನ್‌ನಿಂದ ಹಡಗು ಹತ್ತಿ ಬಂದ ಬಡ ರೈತರು. ದಕ್ಷಿಣದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರೂ ಇದ್ದರು. ಮರ ಸಿಗದ ಬಯಲಿನಲ್ಲಿ ಹುಲ್ಲುಬೇರು ಸಮೇತ ಮಣ್ಣಿನ ಹೆಂಟೆ ಕತ್ತರಿಸಿ, ಇಟ್ಟಿಗೆಯ ಹಾಗೆ ಜೋಡಿಸಿ ಮನೆ ಕಟ್ಟಿಕೊಂಡರು. ಮಳೆ ಬಂದರೆ ಸೂರಿನಿಂದ ಕೆಸರು ಸುರಿಯೋದು. 1874ರಲ್ಲಿ ಮಿಡತೆಗಳ ದಂಡು ಬಂದು ಬೆಳೆ ನುಂಗಿ ಹಾಕಿತು. ಅರ್ಜಿ ಹಾಕಿದವರಲ್ಲಿ ಎಷ್ಟೋ ಜನ ಐದು ವರ್ಷ ತಾಳಲಾರದೆ ಕೈ ಚೆಲ್ಲಿ ಹೊರಟುಹೋದರು. ಇವರೆಲ್ಲ ರಾಕ್ಷಸರಲ್ಲ. ತುಂಡು ಭೂಮಿಗಾಗಿ ಹಂಬಲಿಸಿದ ಜನ. ಆದರೆ ಅವರಿಗೆ ಸರ್ಕಾರ ‘ಖಾಲಿ ಜಮೀನು’ ಅಂತ ಕೊಟ್ಟಿದ್ದು ಖಾಲಿ ಇರಲಿಲ್ಲ. ಅಲ್ಲಿ ಆಗಲೇ ಜನ ಇದ್ದರು. ಸಮಸ್ಯೆ ಅಲ್ಲೇ ಶುರು.

ಆ ಕಾಯ್ದೆಯಡಿ ಕೊನೆಗೆ ಹಂಚಿಕೆಯಾದ ನೆಲ ಸುಮಾರು 27 ಕೋಟಿ ಎಕರೆ. ಅಮೆರಿಕದ ಒಟ್ಟು ನೆಲದ ಹತ್ತರಲ್ಲಿ ಒಂದು ಪಾಲು.

ಇನ್ನು ಯುದ್ಧಕ್ಕೆ ಬರೋಣ. 1860ರ ದಶಕದಲ್ಲಿ ಮೊಂಟಾನಾದಲ್ಲಿ ಚಿನ್ನ ಸಿಕ್ತು. ಅಲ್ಲಿಗೆ ಹೋಗೋ ಬೋಜ್‌ಮನ್ ದಾರಿ ಲಕೋಟಾ ಜನರ ಬೇಟೆಯ ನೆಲದ ನಡುವೆಯೇ ಹಾದುಹೋಗ್ತಿತ್ತು. ಆ ದಾರಿ ಕಾಯೋಕೆ ಸೈನ್ಯ ಕೋಟೆಗಳನ್ನು ಕಟ್ಟಿತು. ರೆಡ್ ಕ್ಲೌಡ್ ಅನ್ನೋ ನಾಯಕನ ನೇತೃತ್ವದಲ್ಲಿ ಲಕೋಟಾ ಮತ್ತು ಅವರ ಮಿತ್ರರು ತಿರುಗಿಬಿದ್ದರು. 1866ರ ಡಿಸೆಂಬರ್ 21ರಂದು ಕ್ಯಾಪ್ಟನ್ ಫೆಟರ್‌ಮನ್ ಮತ್ತು ಅವನ ಜೊತೆಗಿದ್ದ 80 ಮಂದಿಯನ್ನು ಹೊಂಚಿಗೆ ಸಿಕ್ಕಿಸಿದರು. ಒಬ್ಬನೂ ಬದುಕಲಿಲ್ಲ.

ಎರಡು ವರ್ಷದ ನಂತರ ಸರ್ಕಾರವೇ ಸಂಧಾನಕ್ಕೆ ಬಂತು. ಅದೇ 1868ರ ಫೋರ್ಟ್ ಲ್ಯಾರಮಿ ಒಪ್ಪಂದ. ರೆಡ್ ಕ್ಲೌಡ್ ಎಷ್ಟು ಜಾಣ ನೋಡಿ. ಮೊದಲು ಕೋಟೆ ಖಾಲಿ ಮಾಡಿ, ಆಮೇಲೆ ಸಹಿ ಅಂದ. ಸೈನ್ಯ ಹೊರಟ ಮೇಲೆ ಕೋಟೆಗಳು ಸುಟ್ಟು ಬೂದಿಯಾದವು. ನವೆಂಬರ್‌ನಲ್ಲಿ ಬಂದು ಸಹಿ ಹಾಕಿದ.

ಆ ಒಪ್ಪಂದದಲ್ಲಿ ಏನಿತ್ತು? ಮೂರು ಅಂಶ ನೆನಪಿಟ್ಟುಕೊಳ್ಳಿ. ಒಂದು, ಮಿಸೌರಿ ನದಿಯ ಪಶ್ಚಿಮಕ್ಕಿರೋ ಇವತ್ತಿನ ಸೌತ್ ಡಕೋಟಾದ ಅರ್ಧ ಭಾಗ, ಬ್ಲ್ಯಾಕ್ ಹಿಲ್ಸ್ ಸೇರಿ, ಸೂ ಜನರಿಗೆ ಮಾತ್ರ. ಇದಕ್ಕೆ ರಿಸರ್ವೇಶನ್ ಅಂತಾರೆ. ನಮ್ಮ ಮೀಸಲಾತಿ ಅಲ್ಲ, ಮೀಸಲಿಟ್ಟ ಪ್ರದೇಶ ಅಂತ ಅರ್ಥ. ಎರಡು, ಹೊರಗಿನವರು ಅದರೊಳಗೆ ಕಾಲಿಡೋ ಹಾಗಿಲ್ಲ, ಇಟ್ಟರೆ ತಡೆಯೋದು ಸರ್ಕಾರದ ಕೆಲಸ. ಮೂರು, ಮುಂದೆ ಯಾವತ್ತಾದರೂ ಈ ನೆಲದ ಒಂದು ಭಾಗ ಬಿಟ್ಟುಕೊಡಬೇಕಾದರೆ ವಯಸ್ಕ ಗಂಡಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಸಹಿ ಹಾಕಬೇಕು. ಇಲ್ಲದಿದ್ದರೆ ಆ ಒಪ್ಪಂದ ನಡೆಯಲ್ಲ. ಈ ಮೂರನೇ ಅಂಶವೇ ಇಡೀ ಕಥೆಯ ಬೀಗದ ಕೈ.

ಆರು ವರ್ಷ ಆಯ್ತು. 1873ರಲ್ಲಿ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ. ಬ್ಯಾಂಕುಗಳು ಮುಳುಗಿದವು, ಕೆಲಸ ಹೋಯ್ತು. ಮರುವರ್ಷ, 1874ರಲ್ಲಿ, ಜಾರ್ಜ್ ಕಸ್ಟರ್ ಅನ್ನೋ ಸೇನಾಧಿಕಾರಿ ಸುಮಾರು ಸಾವಿರ ಜನರ ತಂಡ ಕಟ್ಟಿಕೊಂಡು ಬ್ಲ್ಯಾಕ್ ಹಿಲ್ಸ್‌ಗೆ ಹೋದ. ಸರ್ಕಾರವೇ ಕಳಿಸಿದ್ದು. ಹೆಸರಿಗೆ ಕೋಟೆ ಕಟ್ಟೋಕೆ ಜಾಗ ಹುಡುಕೋದು. ಆದರೆ ಜೊತೆಯಲ್ಲಿ ಗಣಿ ಬಲ್ಲವರೂ ಇದ್ದರು, ಪತ್ರಕರ್ತರೂ ಇದ್ದರು. ಚಿನ್ನ ಸಿಕ್ಕಿದೆ ಅನ್ನೋ ಸುದ್ದಿ ಕೆಲವೇ ವಾರದಲ್ಲಿ ಪೇಪರ್‌ಗಳಲ್ಲಿ. ಕೆಲಸ ಇಲ್ಲದ ಜನ, ಚಿನ್ನದ ಸುದ್ದಿ. ಮುಂದೇನಾಯ್ತು ಅಂತ ನಾನು ಹೇಳಬೇಕಾಗಿಲ್ಲ. ಸಾವಿರಾರು ಜನ ನುಗ್ಗಿದರು.

ಒಪ್ಪಂದದ ಪ್ರಕಾರ ಸೈನ್ಯ ಅವರನ್ನು ಹೊರಗೆ ಹಾಕಬೇಕಿತ್ತು. ಶುರುವಿನಲ್ಲಿ ಸ್ವಲ್ಪ ಪ್ರಯತ್ನವೂ ಆಯ್ತು. 1875ರಲ್ಲಿ ಸರ್ಕಾರ ಬೆಟ್ಟಗಳಿಗೆ 60 ಲಕ್ಷ ಡಾಲರ್ ಕೊಡ್ತೀವಿ ಅಂತು. ಲಕೋಟಾ ಒಪ್ಪಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ತಮ್ಮವರ ಜೊತೆ ಮುಚ್ಚಿದ ಬಾಗಿಲ ಹಿಂದೆ ಸಭೆ ಮಾಡಿದರು. ಅಲ್ಲಿ ಆದ ತೀರ್ಮಾನ ಏನು ಗೊತ್ತಾ? ಗಣಿಗಾರರು ಒಳಗೆ ಹೋಗಬಾರದು ಅನ್ನೋ ಆದೇಶ ಹಾಗೇ ಇರಲಿ, ಆದರೆ ಸೈನ್ಯ ಇನ್ನು ಅವರನ್ನು ತಡೆಯೋದು ಬೇಡ. ಬೋರ್ಡ್ ಹಾಕಿರುತ್ತೆ, ಕಾವಲುಗಾರ ಇರಲ್ಲ. ಅಷ್ಟೇ ವ್ಯತ್ಯಾಸ.

ಅದಾದ ಮೇಲೆ ಇನ್ನೊಂದು ಆದೇಶ. ಬಯಲಿನಲ್ಲಿ ಬೇಟೆಯಾಡ್ತಾ ಇರೋ ಲಕೋಟಾ ಗುಂಪುಗಳು 1876ರ ಜನವರಿ 31ರೊಳಗೆ ಸರ್ಕಾರಿ ಕೇಂದ್ರಗಳಿಗೆ ಬಂದು ಹಾಜರಾಗಬೇಕು. ಕಡು ಚಳಿಗಾಲ, ಮಂಡಿವರೆಗೆ ಹಿಮ, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ನೂರಾರು ಮೈಲಿ ಬರೋದು ಹೇಗೆ? ಬರಲಿಲ್ಲ. ಬಾರದವರು ಶತ್ರುಗಳು ಅಂತ ಘೋಷಣೆ ಆಯ್ತು.

ಜೂನ್ 25, 1876. ಮೊಂಟಾನಾದ ಲಿಟ್ಲ್ ಬಿಗ್‌ಹಾರ್ನ್ ನದಿಯ ದಂಡೆ. ಸಿಟಿಂಗ್ ಬುಲ್, ಕ್ರೇಜಿ ಹಾರ್ಸ್ ಇದ್ದ ದೊಡ್ಡ ಬಿಡಾರದ ಮೇಲೆ ಅದೇ ಕಸ್ಟರ್ ದಾಳಿ ಮಾಡಿದ. ಅವನ ನೇರ ತುಕಡಿಯಲ್ಲಿದ್ದ 200ಕ್ಕೂ ಹೆಚ್ಚು ಸೈನಿಕರು, ಅವನೂ ಸೇರಿ, ಎಲ್ಲರೂ ಸತ್ತರು. ಅಮೆರಿಕ ತನ್ನ ಸ್ವಾತಂತ್ರ್ಯದ 100ನೇ ವರ್ಷದ ಸಂಭ್ರಮದಲ್ಲಿದ್ದಾಗ ಈ ಸುದ್ದಿ ಪೂರ್ವದ ಊರುಗಳಿಗೆ ಬಂತು. ಸಿನಿಮಾಗಳು ಹೆಚ್ಚಾಗಿ ಈ ಯುದ್ಧವನ್ನೇ ತೋರಿಸ್ತವೆ. ಆದರೆ ನೆಲ ಹೋಗಿದ್ದು ಇಲ್ಲಿ ಅಲ್ಲ. ಇಲ್ಲಿ ಗೆದ್ದಿದ್ದು ಲಕೋಟಾ.

ನೆಲ ಹೋಗಿದ್ದು ಎರಡು ತಿಂಗಳ ನಂತರ, ವಾಷಿಂಗ್ಟನ್‌ನಲ್ಲಿ. ಬೇಟೆಗಾರರು ಚರ್ಮಕ್ಕಾಗಿ ಬೈಸನ್‌ಗಳನ್ನು ಕೊಂದು ಕೊಂದು ಮುಗಿಸ್ತಾ ಇದ್ದರು. ಹಿಂದೆ ಕೋಟಿಗಟ್ಟಲೆ ಇದ್ದ ಪ್ರಾಣಿ 1880ರ ದಶಕ ಮುಗಿಯೋ ಹೊತ್ತಿಗೆ ಕಾಡಿನಲ್ಲಿ ಕೆಲವು ನೂರಕ್ಕೆ ಇಳೀತು. ಹೀಗಾಗಿ ರಿಸರ್ವೇಶನ್‌ನಲ್ಲಿದ್ದ ಜನ ಊಟಕ್ಕೆ ಸರ್ಕಾರದ ರೇಷನ್ ನಂಬಿಕೊಂಡಿದ್ದರು. 1876ರ ಆಗಸ್ಟ್‌ನಲ್ಲಿ ಸಂಸತ್ತು, ಅಂದ್ರೆ ಅಲ್ಲಿನ ಕಾಂಗ್ರೆಸ್, ಒಂದು ಷರತ್ತು ಹಾಕಿತು: ಬೆಟ್ಟ ಬಿಟ್ಟುಕೊಡೋವರೆಗೆ ರೇಷನ್‌ಗೆ ಹಣ ಇಲ್ಲ. ಇತಿಹಾಸದಲ್ಲಿ ಇದನ್ನು ‘ಮಾರು, ಇಲ್ಲ ಹಸಿವಿನಿಂದ ಸಾಯಿ’ ಕಾನೂನು ಅಂತಲೇ ಕರೀತಾರೆ.

ಒಂದು ಆಯೋಗ ಕಾಗದ ಹಿಡ್ಕೊಂಡು ಸಹಿ ಹಾಕಿಸೋಕೆ ಬಂತು. ಬೇಕಿದ್ದದ್ದು ನಾಲ್ಕರಲ್ಲಿ ಮೂರು ಪಾಲು. ಸಿಕ್ಕಿದ್ದು ಸುಮಾರು ಹತ್ತರಲ್ಲಿ ಒಂದು. ತಮ್ಮದೇ ಒಪ್ಪಂದದ ಪ್ರಕಾರ ಈ ಕಾಗದಕ್ಕೆ ಬೆಲೆಯೇ ಇಲ್ಲ. ಆದರೂ 1877ರ ಫೆಬ್ರವರಿ 28ರಂದು ಅದನ್ನೇ ಕಾಯ್ದೆ ಮಾಡಿದರು. ಸುಮಾರು 73 ಲಕ್ಷ ಎಕರೆ ಹೋಯ್ತು. ಅದೇ ಸೆಪ್ಟೆಂಬರ್‌ನಲ್ಲಿ, ಶರಣಾಗಿ ಬಂದಿದ್ದ ಕ್ರೇಜಿ ಹಾರ್ಸ್‌ನನ್ನು ನೆಬ್ರಾಸ್ಕಾದ ಸೇನಾ ಠಾಣೆಯಲ್ಲಿ ಬಯೊನೆಟ್‌ನಿಂದ ಇರಿದು ಕೊಂದರು.

ಆ ಬೆಟ್ಟದಲ್ಲಿ ಹೋಮ್‌ಸ್ಟೇಕ್ ಅನ್ನೋ ಒಂದೇ ಗಣಿ 2002ರಲ್ಲಿ ಮುಚ್ಚೋವರೆಗೆ ತೆಗೆದ ಚಿನ್ನ ಸುಮಾರು 4 ಕೋಟಿ ಔನ್ಸ್. ಸಾವಿರದ ಇನ್ನೂರು ಟನ್‌ಗೂ ಮೇಲೆ. ಆ ಬೆಟ್ಟದ ಇನ್ನೊಂದು ಕಡೆ, 1927ರಿಂದ 1941ರವರೆಗೆ, ನಾಲ್ವರು ಅಮೆರಿಕನ್ ಅಧ್ಯಕ್ಷರ ಮುಖ ಕೆತ್ತಿದರು. ನೀವು ಫೋಟೋದಲ್ಲಿ ನೋಡಿರೋ ಮೌಂಟ್ ರಶ್ಮೋರ್ ಅದೇ.

ಉಳಿದ ರಿಸರ್ವೇಶನ್ನನ್ನು 1889ರಲ್ಲಿ ತುಂಡು ತುಂಡು ಮಾಡಿ ಇನ್ನೂ ಸುಮಾರು 90 ಲಕ್ಷ ಎಕರೆ ಕಳೆದರು. 1890ರ ಡಿಸೆಂಬರ್ 15ರಂದು ಸಿಟಿಂಗ್ ಬುಲ್‌ನನ್ನು ಬಂಧಿಸೋಕೆ ಹೋದ ಪೊಲೀಸರು ಅವನನ್ನು ಗುಂಡಿಟ್ಟು ಕೊಂದರು. ಎರಡು ವಾರದ ನಂತರ, ಡಿಸೆಂಬರ್ 29ರಂದು, ವೂಂಡೆಡ್ ನೀ ಹಳ್ಳದ ಬಳಿ ಸೈನ್ಯ ಲಕೋಟಾ ಗುಂಪೊಂದರ ಆಯುಧಗಳನ್ನು ಕಿತ್ತುಕೊಳ್ತಾ ಇದ್ದಾಗ ಗುಂಡು ಹಾರಿತು. ಆಮೇಲೆ ಫಿರಂಗಿಗಳು. ಇನ್ನೂರಕ್ಕೂ ಹೆಚ್ಚು ಜನ ಸತ್ತರು ಅಂತ ಅಂದಾಜು. ಅವರಲ್ಲಿ ಹೆಂಗಸರು, ಮಕ್ಕಳು ಬಹಳ. ಗುಂಡು ಹಾರಿಸಿದ್ದು 7ನೇ ಅಶ್ವದಳ, ಅಂದ್ರೆ ಕಸ್ಟರ್‌ನ ಹಳೇ ಪಡೆ. ಅಲ್ಲಿದ್ದ ಹಲವು ಸೈನಿಕರಿಗೆ ದೇಶದ ಅತಿ ದೊಡ್ಡ ಶೌರ್ಯ ಪದಕ ಕೊಟ್ಟರು.

ಇದೆಲ್ಲ ಆಗಿ ಮೂರೇ ವರ್ಷ. 1893, ಷಿಕಾಗೊ. ಈ ಇಸವಿ ನಮಗೆ ಗೊತ್ತು, ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ ವರ್ಷ. ಅದು ನಡೆದದ್ದು ದೊಡ್ಡ ವಿಶ್ವಮೇಳದ ಅಂಗವಾಗಿ. ಅದೇ ಮೇಳದ ಹೊತ್ತಿನಲ್ಲಿ, ಎರಡು ತಿಂಗಳ ಮೊದಲು, ಫ್ರೆಡೆರಿಕ್ ಜಾಕ್ಸನ್ ಟರ್ನರ್ ಅನ್ನೋ ಯುವ ಇತಿಹಾಸಕಾರ ಒಂದು ಪ್ರಬಂಧ ಓದಿದ. ಪಶ್ಚಿಮದ ಗಡಿನಾಡಿನಲ್ಲಿ ಮುಕ್ತವಾಗಿ ಸಿಕ್ಕ ಭೂಮಿಯೇ ಅಮೆರಿಕನ್ನರ ಸ್ವಭಾವವನ್ನು, ಅವರ ಪ್ರಜಾಪ್ರಭುತ್ವವನ್ನು ರೂಪಿಸಿತು ಅನ್ನೋದು ಅವನ ವಾದ. ಮೇಳದ ಹೊರಗಡೆ ಬಫಲೋ ಬಿಲ್‌ನ ‘ವೈಲ್ಡ್ ವೆಸ್ಟ್’ ಪ್ರದರ್ಶನ ಟಿಕೆಟ್ ಮಾರ್ತಾ ಇತ್ತು. ಒಂದು ಕಾಲಕ್ಕೆ, 1885ರಲ್ಲಿ, ಸಿಟಿಂಗ್ ಬುಲ್ ಕೂಡ ಆ ಪ್ರದರ್ಶನದಲ್ಲಿ ಕುದುರೆ ಮೇಲೆ ಸುತ್ತು ಹಾಕಿದ್ದ. ಹೀಗೆ ಒಂದು ಕಡೆ ವಿದ್ವತ್ತು, ಇನ್ನೊಂದು ಕಡೆ ಮನರಂಜನೆ. ಎರಡೂ ಸೇರಿ ಪಶ್ಚಿಮವನ್ನು ಕಥೆ ಮಾಡಿದವು. ಸಿನಿಮಾ ಮತ್ತು ಗೇಮ್ ಮೂಲಕ ನಮ್ಮವರೆಗೆ ಬಂದಿದ್ದು ಆ ಕಥೆಯೇ. ಕಾಗದಗಳು ಕಡತದಲ್ಲೇ ಉಳಿದವು.

ಆದರೆ ಲಕೋಟಾ ಆ ಕಾಗದ ಮರೆಯಲಿಲ್ಲ. 1923ರಲ್ಲಿ ಕೋರ್ಟ್‌ಗೆ ಹೋದರು. ಸೋತರು. ಮತ್ತೆ ಹೋದರು. ಅಪ್ಪ ಶುರು ಮಾಡಿದ ಕೇಸನ್ನು ಮಗ, ಮೊಮ್ಮಗ ನಡೆಸಿದ ಹಾಗೆ. ಕೊನೆಗೆ 1980ರ ಜೂನ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಎಂಟು ನ್ಯಾಯಮೂರ್ತಿಗಳು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. 1877ರಲ್ಲಿ ಸರ್ಕಾರ ಆ ನೆಲವನ್ನು ತಗೊಂಡಿದ್ದಕ್ಕೆ ನ್ಯಾಯವಾದ ಪರಿಹಾರ ಕೊಟ್ಟಿಲ್ಲ, ಕೊಡಲೇಬೇಕು. ಅಂದಿನ ಬೆಲೆ 1.71 ಕೋಟಿ ಡಾಲರ್, ಅದರ ಮೇಲೆ ನೂರು ವರ್ಷದ ಶೇ 5ರ ಬಡ್ಡಿ. ಒಟ್ಟು 10 ಕೋಟಿ ಡಾಲರ್‌ಗಿಂತ ಹೆಚ್ಚು. ಅದೇ ಹಣ ಬೆಳೆದು ಇವತ್ತು 100 ಕೋಟಿ ದಾಟಿದೆ.

ಗೆದ್ದರು ಅಲ್ವಾ? ಕೋರ್ಟ್ ಪ್ರಕಾರ ಗೆದ್ದರು. ಆದರೆ ಗೆಲುವಿನೊಳಗೆ ಒಂದು ಮುಳ್ಳಿದೆ. ಕೋರ್ಟ್ ಕೊಟ್ಟಿದ್ದು ಪರಿಹಾರ, ಬೆಟ್ಟ ಅಲ್ಲ. ಪರಿಹಾರ ತಗೊಂಡರೆ ವ್ಯವಹಾರ ಮುಗೀತು ಅಂತ ಅರ್ಥ. 1876ರಲ್ಲಿ ಹಸಿವಿನ ಬೆದರಿಕೆ ಹಾಕಿದರೂ ಹತ್ತರಲ್ಲಿ ಒಂಬತ್ತು ಜನ ಹಾಕದೇ ಬಿಟ್ಟ ಆ ಸಹಿಯನ್ನು ಈಗ ತಾವೇ ಹಾಕಿದ ಹಾಗೆ. ಮುತ್ತಜ್ಜ ಹೊಟ್ಟೆಗಿಲ್ಲದೆ ಬೇಡ ಅಂದಿದ್ದನ್ನು ನಾವು ಹೇಗೆ ಮಾರೋದು ಅನ್ನೋದು ಅವರ ಪ್ರಶ್ನೆ.

ಇಲ್ಲಿ ಎಲ್ಲರದ್ದೂ ಒಂದೇ ಮಾತು ಅಂತ ನಾನು ಹೇಳಲ್ಲ. ‘ಮಕ್ಕಳ ಓದಿಗೆ, ಆಸ್ಪತ್ರೆಗೆ ಬೇಕು, ತಗೊಳ್ಳೋಣ’ ಅನ್ನೋ ದನಿಗಳೂ ಅವರೊಳಗೇ ಇವೆ. ತಮ್ಮ ಪಾಲು ಕೊಡಿ ಅಂತ ಕೆಲವರು ಕೋರ್ಟ್‌ಗೂ ಹೋಗಿದ್ದುಂಟು. ಹಸಿದವನಿಗೆ ಅದು ಬಹಳ ನ್ಯಾಯವಾದ ಮಾತು. ಆದರೂ ಸಮುದಾಯಗಳ ಆಡಳಿತಗಳು ನಲವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಆ ಹಣ ಬೇಡ ಅಂತಲೇ ನಿಂತಿವೆ.

‘ಹಾಗಾದ್ರೆ ಅಲ್ಲಿ ಈಗ ಮನೆ ಕಟ್ಕೊಂಡಿರೋರನ್ನು ಓಡಿಸಬೇಕಾ?’ ಅಂತ ನೀವು ಕೇಳಬಹುದು. ಅದಕ್ಕೂ ದಾರಿ ಹುಡುಕಿದ್ದರು. 1985ರಲ್ಲಿ ಬಿಲ್ ಬ್ರಾಡ್ಲಿ ಅನ್ನೋ ಸೆನೆಟರ್, ಹಿಂದೆ ಬಾಸ್ಕೆಟ್‌ಬಾಲ್ ಸ್ಟಾರ್ ಆಗಿದ್ದವರು, ಒಂದು ಮಸೂದೆ ತಂದರು. ಖಾಸಗಿಯವರ ಜಾಗ ಮುಟ್ಟೋದು ಬೇಡ, ಮೌಂಟ್ ರಶ್ಮೋರ್ ಕೂಡ ಬೇಡ. ಕೇಂದ್ರ ಸರ್ಕಾರದ ಕೈಯಲ್ಲೇ ಇರೋ ಸುಮಾರು 13 ಲಕ್ಷ ಎಕರೆ ಕಾಡನ್ನು ವಾಪಸ್ ಕೊಡೋಣ ಅಂತ. ಮಸೂದೆ ಪಾಸ್ ಆಗಲಿಲ್ಲ.

ಕೊನೆಯದಾಗಿ 2012ರ ಒಂದು ಸಂಗತಿ. ಬ್ಲ್ಯಾಕ್ ಹಿಲ್ಸ್ ನಡುವೆ ಪೇ ಸ್ಲಾ ಅನ್ನೋ ಹುಲ್ಲುಗಾವಲು ಇದೆ. ಲಕೋಟಾ ಜನರಿಗೆ ಪವಿತ್ರ ಜಾಗ. ಖಾಸಗಿ ಮಾಲೀಕರು ಅದನ್ನು ಮಾರಾಟಕ್ಕೆ ಇಟ್ಟರು. ಲಕೋಟಾ, ಡಕೋಟಾ, ನಕೋಟಾ ಸಮುದಾಯಗಳು ಒಟ್ಟಾಗಿ, ಆನ್‌ಲೈನ್‌ನಲ್ಲೂ ಚಂದಾ ಎತ್ತಿ, ಸುಮಾರು 1,900 ಎಕರೆಯನ್ನು 90 ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡವು.

ಸ್ವಲ್ಪ ಯೋಚನೆ ಮಾಡಿ. ಖಜಾನೆಯಲ್ಲಿ ತಮ್ಮ ಹೆಸರಿನಲ್ಲಿ 100 ಕೋಟಿ ಡಾಲರ್ ಇದೆ. ಅದನ್ನು ಮುಟ್ಟದೆ, ತಮ್ಮದೇ ನೆಲವನ್ನು ಸಾಲ ಸೋಲ ಮಾಡಿ, ಚಂದಾ ಎತ್ತಿ ಕೊಂಡುಕೊಂಡರು. ಲೆಕ್ಕಪತ್ರದವರಿಗೆ ಇದು ಹುಚ್ಚು ಅನ್ನಿಸಬಹುದು. ನನಗೆ ಹಾಗನ್ನಿಸಲ್ಲ. ಪಶ್ಚಿಮದ ಕಥೆಯನ್ನು ‘ಯುದ್ಧ ಆಯ್ತು, ಅವರು ಸೋತರು, ಮುಗೀತು’ ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಆದರೆ ಮಾರಾಟ ಆಗಿದೆ ಅನ್ನೋಕೆ ಮಾರಿದವನ ಒಪ್ಪಿಗೆ ಬೇಕು. ಆ ಒಪ್ಪಿಗೆ 1877ರಲ್ಲೂ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಹಣ ಅಲ್ಲೇ ಬಿದ್ದಿರೋವರೆಗೆ ಈ ಕೇಸ್ ಮುಗಿದಿಲ್ಲ ಅಂತಲೇ ಅರ್ಥ.

ಮುಂದಿನ ಸಲ ವೆಸ್ಟರ್ನ್ ಸಿನಿಮಾ ನೋಡುವಾಗ ಯಾರು ಮೊದಲು ಪಿಸ್ತೂಲು ಎಳೆದರು ಅನ್ನೋದರ ಜೊತೆಗೆ, ಆ ನೆಲದ ಪತ್ರ ಯಾರ ಹೆಸರಲ್ಲಿತ್ತು ಅಂತಲೂ ಒಂದು ಸಲ ಕೇಳಿಕೊಳ್ಳಿ. ನೀವೇನಂತೀರಿ? ಲಕೋಟಾ ಜನರ ಜಾಗದಲ್ಲಿ ನೀವಿದ್ದಿದ್ದರೆ ಆ ಹಣ ತಗೊಳ್ತಿದ್ರಾ? ಬರೆದು ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.